ಗರ್ಭಕಂಠದ ಕ್ಯಾನ್ಸರ್ ಮತ್ತು ದೇಹದ ರಕ್ಷಕ ಪ್ರೋಟೀನುಗಳು

(ದೇವದುರ್ಗ ಹಾಗೂ ಮಾನ್ವಿ ತಾಲ್ಲೂಕುಗಳ ಮಹಿಳಾ ಸಂಘಗಳ ಸದಸ್ಯೆಯರು ಮತ್ತು ಆರೋಗ್ಯ ಕಾರ್ಯಕರ್ತೆಯರು ರಾಯಚೂರು ನಗರದಲ್ಲಿ ಸೇರಿದ್ದ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಕುಟುಂಬ ಕಲ್ಯಾಣವೆಂದೊಡನೆ ನಮ್ಮ ಜನರ ಮನಸ್ಸಿಗೆ ಬರುವುದು ಹೆರಿಗೆ, ಮಕ್ಕಳ ಚುಚ್ಚುಮದ್ದು ಮತ್ತು ಸಂತಾನ ನಿಯಂತ್ರಣದ ಶಸ್ತ್ರಚಿಕಿತ್ಸೆ. ಹೆರಿಗೆಗಳೆಲ್ಲ ಮುಗಿದು, ಮಕ್ಕಳು ದೊಡ್ಡವರಾಗಿ, ಹೊಲಮನೆಗಳ ಭಾರವನ್ನೆಲ್ಲ ಹೊತ್ತು ನಡೆಯುತ್ತಿರುವ ತಾಯಿಯ ಆರೋಗ್ಯವನ್ನು ಆಸ್ಪತ್ರೆಯವರು ವಿಚಾರಿಸುವುದು ಕಡಿಮೆ. ಮನೆಯವರು ವಿಚಾರಿಸುವುದು ಇನ್ನೂ ಕಡಿಮೆ. ಆಕೆಯಂತೂ ತಾನಾಗಿ ಹೇಳಿಕೊಳ್ಳುವವಳೇ ಅಲ್ಲ. ಗರ್ಭಕಂಠದ ಕ್ಯಾನ್ಸರ್ ಬಹುಮಟ್ಟಿಗೆ ಬರುವುದು ಇಂಥ ತಾಯಂದಿರಿಗೆ. 2022ನೆಯ ವರ್ಷದ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಆ ಒಂದೇ ವರ್ಷದಲ್ಲಿ ಭಾರತದ ಸುಮಾರು 1 ಲಕ್ಷ 27 ಸಾವಿರ ಮಹಿಳೆಯರಲ್ಲಿ ಈ ರೋಗವು ಹೊಸದಾಗಿ ಕಾಣಿಸಿಕೊಂಡಿತು; ಸುಮಾರು 80 ಸಾವಿರ ಮಹಿಳೆಯರು ಇದರಿಂದ ಮರಣ ಹೊಂದಿದರು. ಲೆಕ್ಕ ಹಾಕಿದರೆ ಸುಮಾರು ಆರೂವರೆ ನಿಮಿಷಕ್ಕೆ ಒಬ್ಬ ತಾಯಿ. ಆದರೂ ಇದು ಮುಂಚಿತವಾಗಿ ತಡೆಯಲು ಸಾಧ್ಯವಾದ ಕ್ಯಾನ್ಸರುಗಳಲ್ಲಿ ಮುಖ್ಯವಾದುದು. ತಡೆಯಬಹುದಾದ ರೋಗಕ್ಕೆ ಇಷ್ಟು ಜನ ಏಕೆ ಬಲಿಯಾಗುತ್ತಾರೆ ಎಂಬುದೇ ಈ ದಿನ ನಾವು ಯೋಚಿಸಬೇಕಾದ ವಿಷಯ.

ಒಂದು ತಪ್ಪಿನ ಕಥೆ

ಮೊದಲಿಗೆ ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ. ನಾನು ಎಂ.ಬಿ.ಬಿ.ಎಸ್. ಮುಗಿಸಿ ಸೇವೆಗೆ ಸೇರಿದ ಹೊಸತು. ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರ ನಲವತ್ತಾರು ವರ್ಷದ ತಾಯಿಯೊಬ್ಬರು ಬಿಳಿಸೆರಗು ಹೋಗುತ್ತದೆ, ವಾಸನೆ ಇದೆ ಎಂದು ನಾನಿದ್ದ ಆರೋಗ್ಯ ಕೇಂದ್ರಕ್ಕೆ ಒಂದು ವರ್ಷದಲ್ಲಿ ಮೂರು ಬಾರಿ ಬಂದರು. ಹೊರರೋಗಿಗಳ ಸಾಲು ಅಂಗಳದವರೆಗೆ ಇರುತ್ತಿತ್ತು. ಮೂರು ಬಾರಿಯೂ ನಾನು ಮಾತ್ರೆ ಬರೆದುಕೊಟ್ಟು ಕಳುಹಿಸಿದೆ. ಒಮ್ಮೆಯೂ ಒಳಪರೀಕ್ಷೆ ಮಾಡಲಿಲ್ಲ. ನಾಲ್ಕನೆಯ ಬಾರಿ ಅವರು ಬಂದದ್ದು ರಕ್ತಸ್ರಾವದೊಂದಿಗೆ. ಮುಟ್ಟು ನಿಂತು ಎರಡು ವರ್ಷವಾಗಿದ್ದುದರಿಂದ, ನಿಂತ ಮುಟ್ಟು ಮತ್ತೆ ಬಂದಿರಬಹುದೆಂದು ಅವರು ತಿಂಗಳುಗಟ್ಟಲೆ ಸುಮ್ಮನಿದ್ದರು. ಅಂದು ಪರೀಕ್ಷಿಸಿದಾಗ ಗರ್ಭಕಂಠದಲ್ಲಿ ಬೆಳೆದ ಗಂಟು ಪಕ್ಕದ ಭಾಗಗಳಿಗೂ ಹರಡಿತ್ತು. ಬೆಂಗಳೂರಿಗೆ ಕಳುಹಿಸಿ ವಿಕಿರಣ ಚಿಕಿತ್ಸೆ ಕೊಡಿಸಿದರೂ ಒಂದೂವರೆ ವರ್ಷದ ಮೇಲೆ ಅವರು ಬದುಕಲಿಲ್ಲ.

ಆಸ್ಪತ್ರೆಗೆ ಅವರ ಜೊತೆಯಲ್ಲಿ ಬರುತ್ತಿದ್ದವರು ಮಾನ್ವಿ ತಾಲ್ಲೂಕಿಗೆ ಮದುವೆಮಾಡಿ ಕೊಟ್ಟಿದ್ದ ಅವರ ತಂಗಿ. ಒಂದು ದಿನ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನನ್ನು ಕೇಳಿದರು: “ನಮ್ಮಕ್ಕಗ ಬಂದ ಬ್ಯಾನಿ ನನಗೂ ಬರ್ತದೇನ್ರಿ? ಇದು ರಗತದಾಗ ಬರೋದೇನ್ರಿ?” ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ನಮ್ಮ ದೇಹದ ಅತಿ ಸೂಕ್ಷ್ಮವಾದ ಜೀವಕೋಶದೊಳಗೆ ಏನು ನಡೆಯುತ್ತದೆಂಬುದನ್ನು ತಿಳಿಯಬೇಕು. ವಿಷಯವು ಕಠಿಣವೆಂದು ಹಿಂಜರಿಯಬೇಡಿ. ಬೀಜ ಬಿತ್ತುವವರಿಗೆ, ನೀರು ಹಾಯಿಸುವವರಿಗೆ ಇದು ತಿಳಿಯದ ಸಂಗತಿಯಲ್ಲ.

ಜೀವಕೋಶದ ಇಬ್ಬರು ರಕ್ಷಕರು

ಗರ್ಭಕೋಶ ಅಥವಾ ಗರ್ಭಚೀಲವು ಕೆಳಗೆ ಕಿರಿದಾಗಿ ಯೋನಿಯೊಳಕ್ಕೆ ಇಳಿದಿರುವ ಭಾಗಕ್ಕೆ ಗರ್ಭಕಂಠವೆಂದು ಹೆಸರು. ಅದರ ಬಾಯಿಯ ಬಳಿ ಎರಡು ಬಗೆಯ ಜೀವಕೋಶಗಳ ಪದರಗಳು ಒಂದನ್ನೊಂದು ಸಂಧಿಸುತ್ತವೆ. ಈ ಸಂಧಿಸ್ಥಳದಲ್ಲಿ ಹಳೆಯ ಕೋಶಗಳು ಸವೆದು ಉದುರುತ್ತಲೂ ಅಡಿಯಿಂದ ಹೊಸ ಕೋಶಗಳು ಹುಟ್ಟುತ್ತಲೂ ಇರುತ್ತವೆ. ಒಂದು ಕೋಶವು ಎರಡಾಗಿ ಒಡೆಯುವುದೇ ಹೊಸ ಕೋಶದ ಹುಟ್ಟು. ಈ ಒಡೆಯುವಿಕೆಯು ಅಗತ್ಯವಿದ್ದಾಗ ಮಾತ್ರ, ಅಗತ್ಯವಿದ್ದಷ್ಟೇ ನಡೆಯಬೇಕು. ಅದನ್ನು ಹದ್ದಿನಲ್ಲಿಡಲು ಪ್ರಕೃತಿಯು ಕೋಶದೊಳಗೆ ಹಲವು ಪ್ರೋಟೀನುಗಳನ್ನು ನೇಮಿಸಿದೆ. ಗಂತಿಯ ಬೆಳವಣಿಗೆಯನ್ನು ಅಡಗಿಸುವ ಇಂಥ ಪ್ರೋಟೀನುಗಳಲ್ಲಿ ಎರಡು ಬಹು ಮುಖ್ಯವಾದುವು.

ಮೊದಲನೆಯದು ಆರ್.ಬಿ. ಎಂಬ ಪ್ರೋಟೀನು. ಎಳೆಯ ಮಕ್ಕಳ ಕಣ್ಣಿನಲ್ಲಿ ಬರುವ ರೆಟಿನೋಬ್ಲಾಸ್ಟೋಮ ಎಂಬ ಕ್ಯಾನ್ಸರನ್ನು ಅಭ್ಯಸಿಸುವಾಗ ಇದು ತಿಳಿದುಬಂದುದರಿಂದ ಆ ಹೆಸರು. ಮಾನ್ವಿಯ ಕಡೆಯ ಸಹೋದರಿಯರು ತುಂಗಭದ್ರಾ ಎಡದಂಡೆ ಕಾಲುವೆಯ ತೂಬನ್ನು ನೋಡಿದ್ದೀರಿ. ತೂಬಿನ ಬಾಗಿಲು ಮುಚ್ಚಿರುವವರೆಗೆ ನೀರು ಗದ್ದೆಗೆ ಹರಿಯದು. ಹೊತ್ತು ಬಂದಾಗ ಬಾಗಿಲನ್ನು ಎತ್ತುತ್ತಾರೆ, ಸಾಕಾದಾಗ ಇಳಿಸುತ್ತಾರೆ. ಆರ್.ಬಿ. ಪ್ರೋಟೀನು ಇಂಥ ಬಾಗಿಲು. ಕೋಶವನ್ನು ಒಡೆಯುವಂತೆ ಪ್ರೇರಿಸುವ ವಸ್ತುಗಳನ್ನು ಅದು ಹಿಡಿದಿಟ್ಟುಕೊಂಡಿರುತ್ತದೆ. ಸರಿಯಾದ ಸೂಚನೆ ಬಂದಾಗ ಮಾತ್ರ ಬಿಡುತ್ತದೆ.

ಎರಡನೆಯದು ಪಿ-53 ಎಂಬ ಪ್ರೋಟೀನು. ಇದು 1979ರಲ್ಲಿ ಪತ್ತೆಯಾಯಿತು. ಬಿತ್ತನೆಗೆ ಮುಂಚೆ ಮನೆಯ ಹಿರಿಯಳು ಮೊರದಲ್ಲಿ ಜೋಳವನ್ನು ಹರಡಿಕೊಂಡು ಹುಳುಕು ಕಾಳನ್ನು ಆರಿಸಿ ತೆಗೆಯುತ್ತಾಳಲ್ಲವೆ? ಪಿ-53ರ ಕೆಲಸವೂ ಅದೇ. ಕೋಶದ ವಂಶವಾಹಿ ವಸ್ತುವಾದ ಡಿ.ಎನ್.ಎ.ಯಲ್ಲಿ ಹಾನಿಯಾಗಿದ್ದರೆ ಅದು ಒಡೆಯುವಿಕೆಯನ್ನು ತಡೆದು ನಿಲ್ಲಿಸುತ್ತದೆ. ಹಾನಿಯನ್ನು ಸರಿಪಡಿಸಲು ಅವಕಾಶ ಮಾಡಿಕೊಡುತ್ತದೆ. ಸರಿಪಡಿಸಲಾಗದಷ್ಟು ಕೆಟ್ಟಿದ್ದರೆ ಆ ಕೋಶವು ತನ್ನನ್ನು ತಾನೇ ನಾಶಮಾಡಿಕೊಳ್ಳುವಂತೆ ಆಜ್ಞೆ ಕೊಡುತ್ತದೆ. ಹುಳುಕು ಕಾಳು ಹೊಲಕ್ಕೆ ಹೋಗದಂತೆ, ಕೆಟ್ಟ ಕೋಶವು ಸಂತಾನವನ್ನು ಬೆಳೆಸದಂತೆ ಅದು ನೋಡಿಕೊಳ್ಳುತ್ತದೆ.

ವೈರಾಣುವಿನ ಕುತಂತ್ರ

ಗರ್ಭಕಂಠದ ಕ್ಯಾನ್ಸರಿಗೆ ಕಾರಣ ಹ್ಯೂಮನ್ ಪ್ಯಾಪಿಲೋಮ ಎಂಬ ವೈರಾಣು, ಸಂಕ್ಷೇಪವಾಗಿ ಎಚ್.ಪಿ.ವಿ. ಜರ್ಮನಿಯ ವಿಜ್ಞಾನಿ ಹೆರಾಲ್ಡ್ ತ್ಸುರ್ ಹೌಸೆನ್ ಅವರ ತಂಡವು ಈ ಕ್ಯಾನ್ಸರಿನ ಗಂಟುಗಳಲ್ಲಿ 1983ರಲ್ಲಿ ಇದರ 16ನೆಯ ಬಗೆಯನ್ನೂ, ಮರುವರ್ಷ 18ನೆಯ ಬಗೆಯನ್ನೂ ಕಂಡುಹಿಡಿಯಿತು. ಅದಕ್ಕಾಗಿ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹತ್ತಕ್ಕೆ ಏಳು ಪಾಲು ಗರ್ಭಕಂಠದ ಕ್ಯಾನ್ಸರುಗಳಿಗೆ ಈ ಎರಡು ಬಗೆಗಳೇ ಕಾರಣ.

ಈ ವೈರಾಣುವು ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಆದರೆ ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು: ಇದು ನಡತೆಯ ಪ್ರಶ್ನೆಯಲ್ಲ. ದಾಂಪತ್ಯ ನಡೆಸುವ ಬಹುಪಾಲು ಸ್ತ್ರೀಪುರುಷರಿಗೆ ಜೀವನದಲ್ಲಿ ಒಮ್ಮೆಯಾದರೂ ತಗುಲುವಷ್ಟು ಇದು ಸಾಮಾನ್ಯ. ಗಂಡನೊಬ್ಬನನ್ನೇ ಅರಿತ ಗೃಹಿಣಿಗೂ ಬರಬಹುದು. ಆದುದರಿಂದ ರೋಗಿಯನ್ನಾಗಲಿ ಆಕೆಯ ಗಂಡನನ್ನಾಗಲಿ ದೂಷಿಸುವುದರಿಂದ ಯಾವ ಪ್ರಯೋಜನವೂ ಇಲ್ಲ. ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ದೇಹವೇ ಎರಡು ವರ್ಷಗಳೊಳಗೆ ಇದನ್ನು ಅಡಗಿಸಿಬಿಡುತ್ತದೆ. ಉಳಿದ ಕೆಲವರಲ್ಲಿ ಮಾತ್ರ ಅದು ಬೇರೂರುತ್ತದೆ.

ಬೇರೂರಿದ ವೈರಾಣು ಮಾಡುವುದೇನು? ಅದಕ್ಕೆ ತಾನಾಗಿ ವೃದ್ಧಿ ಹೊಂದುವ ಸಾಮರ್ಥ್ಯವಿಲ್ಲ. ಒಡೆಯುತ್ತಿರುವ ಕೋಶದ ಸಲಕರಣೆಗಳನ್ನು ಬಳಸಿಕೊಂಡೇ ಅದು ಬೆಳೆಯಬೇಕು. ಒಡೆಯುವುದನ್ನು ನಿಲ್ಲಿಸಿ ಸುಮ್ಮನಿರುವ ಕೋಶವನ್ನು ಬಲಾತ್ಕಾರವಾಗಿ ಒಡೆಯುವಂತೆ ಮಾಡಲು ಅದು ಎರಡು ಪ್ರೋಟೀನುಗಳನ್ನು ತಯಾರಿಸುತ್ತದೆ. ಅವುಗಳಿಗೆ ಇ-7 ಮತ್ತು ಇ-6 ಎಂದು ಹೆಸರು. ಇ-7 ಎಂಬುದು ಆರ್.ಬಿ. ಪ್ರೋಟೀನಿಗೆ ಅಂಟಿಕೊಂಡು ಅದರ ಹಿಡಿತವನ್ನು ಸಡಿಲಿಸುತ್ತದೆ. ತೂಬಿನ ಬಾಗಿಲನ್ನು ಎತ್ತಿ ಇಳಿಸದೆ ಬಿಟ್ಟಂತೆ ಆಗುತ್ತದೆ. ಹೀಗೆ ಕೋಶವು ಹದ್ದುಮೀರಿ ಒಡೆಯತೊಡಗಿದಾಗ ಪಿ-53 ಸುಮ್ಮನಿರುವುದಿಲ್ಲ. ಇಂಥ ಕೋಶವನ್ನು ನಾಶಗೊಳಿಸಲು ಅದು ಮುಂದಾಗುತ್ತದೆ. ಅದನ್ನು ತಡೆಯಲೆಂದೇ ಇ-6 ಇರುವುದು. ಇ-6 ಪ್ರೋಟೀನು ಕೋಶದಲ್ಲಿಯೇ ಇರುವ ಇನ್ನೊಂದು ಪ್ರೋಟೀನನ್ನು ಜೊತೆಮಾಡಿಕೊಂಡು, ಪಿ-53ರ ಮೇಲೆ ‘ಇದು ಎಸೆಯತಕ್ಕ ವಸ್ತು’ ಎಂಬ ಗುರುತನ್ನು ಹಚ್ಚುತ್ತದೆ. ಕೋಶದ ಕಸವನ್ನು ವಿಲೇವಾರಿ ಮಾಡುವ ವ್ಯವಸ್ಥೆಯು ಆ ಗುರುತನ್ನು ನಂಬಿ ತನ್ನ ರಕ್ಷಕನನ್ನೇ ಚೂರುಚೂರು ಮಾಡುತ್ತದೆ. ಇ-7ರ ಕೃತ್ಯವು 1989ರಲ್ಲಿಯೂ ಇ-6ರ ಕೃತ್ಯವು 1990ರಲ್ಲಿಯೂ ಬೆಳಕಿಗೆ ಬಂದವು.

ಈಗ ತೂಬು ತೆರೆದಿದೆ. ಬೀಜ ಆರಿಸುವವಳು ಇಲ್ಲ. ನೀರು ಹರಿಯುತ್ತಲೇ ಇದೆ, ಹುಳುಕು ಕಾಳೂ ಹೊಲ ಸೇರುತ್ತಿದೆ. ಕಾಲಕ್ರಮದಲ್ಲಿ ವೈರಾಣುವಿನ ಡಿ.ಎನ್.ಎ.ಯು ಅನೇಕ ಬಾರಿ ಕೋಶದ ವರ್ಣತಂತುವಿನೊಳಕ್ಕೆ ಸೇರಿಕೊಂಡು ಇ-6, ಇ-7ಗಳ ತಯಾರಿಕೆಗೆ ಲಂಗುಲಗಾಮು ಇಲ್ಲದಂತಾಗುತ್ತದೆ. ಒಂದೊಂದು ಒಡೆಯುವಿಕೆಯಲ್ಲಿಯೂ ತಪ್ಪಿನ ಮೇಲೆ ತಪ್ಪು ಸೇರುತ್ತಾ ಹೋಗಿ ಕೊನೆಗೆ ಯಾವುದೋ ಒಂದು ಕೋಶವು ಕ್ಯಾನ್ಸರ್ ಕೋಶವಾಗುತ್ತದೆ.

ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮನುಷ್ಯರಿಗೆ ಬರುವ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ-53ನ್ನು ತಯಾರಿಸುವ ವಂಶವಾಹಿಯೇ ಕೆಟ್ಟಿರುತ್ತದೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಹಾಗಲ್ಲ. ವಂಶವಾಹಿಯು ಸರಿಯಾಗಿಯೇ ಇದ್ದು ಪ್ರೋಟೀನನ್ನು ತಯಾರಿಸುತ್ತಲೇ ಇರುತ್ತದೆ. ತಯಾರಾದುದನ್ನು ವೈರಾಣುವು ನಾಶಮಾಡುತ್ತಲೇ ಇರುತ್ತದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1951ರಲ್ಲಿ ಹೆನ್ರಿಟಾ ಲ್ಯಾಕ್ಸ್ ಎಂಬ ಐದು ಮಕ್ಕಳ ತಾಯಿ ಇದೇ ರೋಗದಿಂದ ತೀರಿಕೊಂಡರು. ಆಕೆಯ ಅನುಮತಿಯಿಲ್ಲದೆ ತೆಗೆದಿರಿಸಿದ ಗಂತಿಯ ಕೋಶಗಳು ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಇಂದಿಗೂ ಬೆಳೆಯುತ್ತಿವೆ. ಅವುಗಳಲ್ಲಿರುವುದು 18ನೆಯ ಬಗೆಯ ವೈರಾಣು. 2000ನೆಯ ಇಸವಿಯಲ್ಲಿ ವಿಜ್ಞಾನಿಗಳು ಆ ಕೋಶಗಳಲ್ಲಿ ಇ-6, ಇ-7ಗಳ ತಯಾರಿಕೆಯನ್ನು ನಿಲ್ಲಿಸಿ ನೋಡಿದರು. ಅರ್ಧಶತಮಾನ ಕಳೆದಿದ್ದರೂ ರಕ್ಷಕ ಪ್ರೋಟೀನುಗಳು ಮತ್ತೆ ತಲೆಯೆತ್ತಿ ಕೋಶಗಳ ಬೆಳವಣಿಗೆಯನ್ನು ನಿಲ್ಲಿಸಿದುವು. ರಕ್ಷಕರು ಸತ್ತಿರಲಿಲ್ಲ, ಸೆರೆಯಲ್ಲಿದ್ದರು! ಆದರೆ ಪ್ರಯೋಗಶಾಲೆಯ ಈ ಉಪಾಯವು ರೋಗಿಗಳಿಗೆ ಕೊಡುವ ಔಷಧವಾಗಿ ಇನ್ನೂ ರೂಪುಗೊಂಡಿಲ್ಲ. ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ವೈರಾಣು ಹೊಕ್ಕ ಕೋಶಗಳನ್ನು ಕ್ಯಾನ್ಸರ್ ಆಗುವುದಕ್ಕೆ ಮೊದಲೇ ಕಂಡುಹಿಡಿದು ತೆಗೆದುಹಾಕುವುದು.

ನೋವಿಲ್ಲದ ಹದಿನೈದು ವರ್ಷ

ಈಗ ಆ ತಂಗಿಯ ಪ್ರಶ್ನೆಗೆ ಉತ್ತರ ಹೇಳಬಹುದು. ಇದು ತಾಯಿಯಿಂದ ಮಗಳಿಗೆ, ಅಕ್ಕನಿಂದ ತಂಗಿಗೆ ರಕ್ತದಲ್ಲಿ ಇಳಿದು ಬರುವ ರೋಗವಲ್ಲ. ಆದರೆ ಆಕೆಗೂ ಬರಲು ಸಾಧ್ಯ. ಇಲ್ಲಿ ಕುಳಿತಿರುವ ಯಾರಿಗೂ ಬರಲು ಸಾಧ್ಯ. ಸಮಾಧಾನದ ಸಂಗತಿಯೆಂದರೆ, ವೈರಾಣುವು ಬೇರೂರಿದ ದಿನದಿಂದ ಕ್ಯಾನ್ಸರ್ ಆಗುವವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷಗಳು ಹಿಡಿಯುತ್ತವೆ. ಎಚ್.ಐ.ವಿ. ಸೋಂಕಿದ್ದು ಚಿಕಿತ್ಸೆ ಪಡೆಯದವರಲ್ಲಿ ಈ ಅವಧಿ 5ರಿಂದ 10 ವರ್ಷಗಳಿಗೆ ಇಳಿಯುತ್ತದೆ. ತಂಬಾಕು ಸೇವನೆ, ಎಳೆಯ ವಯಸ್ಸಿನ ಮದುವೆ, ಹೆಚ್ಚು ಹೆರಿಗೆಗಳು ಅಪಾಯವನ್ನು ಹೆಚ್ಚಿಸುತ್ತವೆ. ಹದಿನೆಂಟು ತುಂಬದೆ ಮದುವೆ ಬೇಡವೆಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ.

ಇಷ್ಟು ದೀರ್ಘಾವಧಿಯಲ್ಲಿ ಗರ್ಭಕಂಠದ ಮೇಲ್ಪದರದಲ್ಲಿ ಕೋಶಗಳು ಹಂತಹಂತವಾಗಿ ಕೆಡುತ್ತಿರುತ್ತವೆ. ನೋವಿಲ್ಲ, ರಕ್ತವಿಲ್ಲ, ಜ್ವರವಿಲ್ಲ. ಹೊಲದ ಕೆಲಸ, ಮನೆಯ ಕೆಲಸ ಎಂದಿನಂತೆ ನಡೆಯುತ್ತಿರುತ್ತದೆ. ಕೆಟ್ಟ ಕೋಶಗಳು ಮೇಲ್ಪದರದ ತಳವನ್ನು ಭೇದಿಸಿ ಒಳಗಿಳಿದ ಮೇಲೆಯೇ ರಕ್ತಸ್ರಾವ, ದುರ್ವಾಸನೆಯ ಸ್ರಾವ, ಸೊಂಟನೋವು ಇವೆಲ್ಲ ಕಾಣಿಸುವುದು. ಆದುದರಿಂದ “ಏನೂ ಇಲ್ಲದಿರುವಾಗ ಆಸ್ಪತ್ರೆಗೆ ಏಕೆ ಹೋಗಬೇಕು?” ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಏನೂ ಇಲ್ಲದಿರುವಾಗಲೇ ಬರಬೇಕು. ನೋವು ಬಂದ ಮೇಲೆ ಬರುವುದು ಚಿಕಿತ್ಸೆಗೆ. ನೋವಿಲ್ಲದಾಗ ಬರುವುದು ರೋಗವನ್ನೇ ತಪ್ಪಿಸುವುದಕ್ಕೆ.

ಪರೀಕ್ಷೆಗಳು

ನಮ್ಮಲ್ಲಿ ಸುಲಭವಾಗಿ ಮಾಡಬಹುದಾದುದು ಆಮ್ಲದ ಪರೀಕ್ಷೆ. ಸ್ಪೆಕ್ಯುಲಮ್ ಎಂಬ ಉಪಕರಣದಿಂದ ಗರ್ಭಕಂಠವನ್ನು ನೋಡಿ, ನೀರಿನಲ್ಲಿ ತೆಳುಮಾಡಿದ ಅಸೆಟಿಕ್ ಆಮ್ಲವನ್ನು ಹತ್ತಿಯಿಂದ ಸವರುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಕೋಶಗಳಿರುವ ಜಾಗವು ಬೆಳ್ಳಗೆ ತೋರುತ್ತದೆ. ಕತ್ತರಿಸುವುದಿಲ್ಲ, ಚುಚ್ಚುವುದಿಲ್ಲ, ಹೆರಿಗೆ ಕಂಡ ತಾಯಿಗೆ ಇದೊಂದು ಕಷ್ಟವೇ ಅಲ್ಲ. 30ರಿಂದ 65 ವರ್ಷದ ಮಹಿಳೆಯರನ್ನು ಐದು ವರ್ಷಗಳಿಗೊಮ್ಮೆ ಹೀಗೆ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರವು 2016ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಮುಟ್ಟು ನಿಂತವರಲ್ಲಿ ಸಂಧಿಸ್ಥಳವು ಒಳಸರಿಯುವುದರಿಂದ ಈ ಪರೀಕ್ಷೆ ಅಷ್ಟು ಸ್ಪಷ್ಟವಾಗಿ ತೋರಿಸದು. ಅಂಥವರಿಗೆ ಬೇರೆ ಪರೀಕ್ಷೆ ಬೇಕಾಗಬಹುದು. ಗರ್ಭಕಂಠದ ಕೋಶಗಳನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ ಇನ್ನೊಂದು. ವೈರಾಣುವನ್ನೇ ಹುಡುಕುವ ಎಚ್.ಪಿ.ವಿ. ಪರೀಕ್ಷೆ ಮೂರನೆಯದು.

ಇವುಗಳಿಂದ ಪ್ರಾಣ ಉಳಿಯುತ್ತದೆಯೆ ಎಂದು ಕೇಳುವಿರಿ. 1956ರವರೆಗೆ ನಮ್ಮ ರಾಯಚೂರಿನಂತೆಯೇ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಉಸ್ಮಾನಾಬಾದ್ ಜಿಲ್ಲೆಯನ್ನು ನೀವು ಕೇಳಿರಬಹುದು. ಅದಕ್ಕೆ ಈಗ ಧಾರಾಶಿವ ಎಂದು ಹೆಸರು. ಅಲ್ಲಿಯೂ ನಮ್ಮಂತೆಯೇ ಒಣಬೇಸಾಯದ ಹಳ್ಳಿಗಳು. 1999ರಿಂದ ಅಲ್ಲಿನ 30ರಿಂದ 59 ವರ್ಷದ 1,31,746 ಮಹಿಳೆಯರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ ಎಂಟು ವರ್ಷಗಳ ಕಾಲ ಗಮನಿಸಲಾಯಿತು. ಒಮ್ಮೆ ಮಾತ್ರ ಎಚ್.ಪಿ.ವಿ. ಪರೀಕ್ಷೆ ಮಾಡಿ ಚಿಕಿತ್ಸೆ ಕೊಟ್ಟ ಸುಮಾರು 34 ಸಾವಿರ ಮಹಿಳೆಯರಲ್ಲಿ 34 ಮಂದಿ ಈ ಕ್ಯಾನ್ಸರಿನಿಂದ ಮರಣ ಹೊಂದಿದರು. ಪರೀಕ್ಷೆ ನಡೆಸದ ಸುಮಾರು 31 ಸಾವಿರ ಮಹಿಳೆಯರಲ್ಲಿ ಆ ಸಂಖ್ಯೆ 64. ಆ ಜಿಲ್ಲೆಯಲ್ಲಿ ಆಮ್ಲದ ಪರೀಕ್ಷೆಯಿಂದ ಅಂಥ ಇಳಿತ ಕಾಣಲಿಲ್ಲ. ಆದರೆ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ಒಳ್ಳೆಯ ತರಬೇತಿ ಪಡೆದ ದಾದಿಯರು ಆಮ್ಲದ ಪರೀಕ್ಷೆಯನ್ನು ನಡೆಸಿದಾಗ ಈ ಕ್ಯಾನ್ಸರಿನ ಮರಣಗಳು ಶೇಕಡ 35ರಷ್ಟು ಕಡಿಮೆಯಾದುವೆಂದು 2007ರಲ್ಲಿ ಪ್ರಕಟವಾಯಿತು. ಉಪಕರಣಕ್ಕಿಂತ ಅದನ್ನು ಬಳಸುವವರ ಶ್ರದ್ಧೆ ದೊಡ್ಡದೆಂಬುದನ್ನು ಇಲ್ಲಿರುವ ಆರೋಗ್ಯ ಸಹಾಯಕಿಯರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಬಿಳಿ ಮಚ್ಚೆ ಕಂಡಿತೆಂದರೆ ಕ್ಯಾನ್ಸರ್ ಆಯಿತೆಂದು ಅರ್ಥವಲ್ಲ. ಆ ಜಾಗವನ್ನು ಹೆಚ್ಚಿನ ಪರೀಕ್ಷೆಗೆ ಒಳಪಡಿಸಿ, ಅಗತ್ಯವಿದ್ದರೆ ಶೀತದಿಂದಾಗಲಿ ಶಾಖದಿಂದಾಗಲಿ ಸುಟ್ಟು ಅಥವಾ ವಿದ್ಯುತ್ ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆಯುತ್ತಾರೆ. ಹೆಚ್ಚಿನವರು ಅದೇ ದಿನ ಮನೆಗೆ ಹೋಗಬಹುದು. ಒಂದು ವರ್ಷದ ಮೇಲೆ ಮತ್ತೆ ತೋರಿಸಿಕೊಳ್ಳಬೇಕು. ಕ್ಯಾನ್ಸರೇ ಆಗಿದ್ದರೂ ಆರಂಭದ ಹಂತದಲ್ಲಿ ಶಸ್ತ್ರಚಿಕಿತ್ಸೆಯಿಂದಲೂ ವಿಕಿರಣದಿಂದಲೂ ಗುಣಪಡಿಸಲು ಸಾಧ್ಯವಿದೆ. ರಾಯಚೂರಿನಲ್ಲಿ ರಿಮ್ಸ್ ಇದೆ; ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಸಂಸ್ಥೆ ಇದೆ.

ಕೆಲವು ತಪ್ಪು ತಿಳಿವಳಿಕೆಗಳು

ಬಿಳಿಸೆರಗು ಹೋದರೆ ಮುಂದೆ ಕ್ಯಾನ್ಸರ್ ಆಗುತ್ತದೆ, ಆದುದರಿಂದ ಗರ್ಭಚೀಲವನ್ನೇ ತೆಗೆಸಿಬಿಡಿ ಎಂಬ ಮಾತನ್ನು ನಂಬಬೇಡಿ. ಬಿಳಿಸೆರಗಿಗೆ ಬೇರೆ ಸಾಮಾನ್ಯ ಕಾರಣಗಳೇ ಹೆಚ್ಚು. ಪರೀಕ್ಷಿಸಿ ನೋಡದೆ ಮಾತ್ರೆ ಕೊಡುವುದು ಹೇಗೆ ತಪ್ಪೋ, ಪರೀಕ್ಷಿಸಿ ನೋಡದೆ ಗರ್ಭಚೀಲ ತೆಗೆಯುವುದೂ ಹಾಗೆಯೇ ತಪ್ಪು. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದಾಗಲಿ ಕಾಪರ್-ಟಿಯಿಂದಾಗಲಿ ಈ ಕ್ಯಾನ್ಸರ್ ಬರುವುದಿಲ್ಲ. ನಿರೋಧ್ ಬಳಕೆಯು ವೈರಾಣುವನ್ನು ಪೂರ್ತಿಯಾಗಿ ತಡೆಯದಿದ್ದರೂ ಅಪಾಯವನ್ನು ತಗ್ಗಿಸುತ್ತದೆ. ರೋಗಿಯನ್ನು ಮುಟ್ಟುವುದರಿಂದಾಗಲಿ ಆಕೆಯ ಕೈಯ ಊಟದಿಂದಾಗಲಿ ಇದು ಹರಡದು.

ನಿಮ್ಮ ಹೆಣ್ಣುಮಕ್ಕಳಿಗೆ ಇನ್ನೂ ಒಂದು ರಕ್ಷಣೆಯಿದೆ, ಅದು ಲಸಿಕೆ. 9ರಿಂದ 14 ವರ್ಷದೊಳಗೆ, ವೈರಾಣುವು ದೇಹವನ್ನು ಸೇರುವ ಮೊದಲೇ ಕೊಟ್ಟರೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಈ ವಯಸ್ಸಿನವರಿಗೆ ಒಂದೇ ಚುಚ್ಚುಮದ್ದು ಕೊಟ್ಟರೂ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ತಿಳಿಸಿತು. ಅದೇ ವರ್ಷ ಭಾರತದಲ್ಲಿಯೇ ತಯಾರಾದ ಸರ್ವಾವ್ಯಾಕ್ ಎಂಬ ಲಸಿಕೆಗೂ ಅನುಮತಿ ದೊರೆಯಿತು. ಲಸಿಕೆಯು ಕಳೆದುಹೋದ ರಕ್ಷಕ ಪ್ರೋಟೀನನ್ನು ಮರಳಿ ತಂದುಕೊಡದು. ಕಳ್ಳನನ್ನು ಬಾಗಿಲಲ್ಲಿಯೇ ತಡೆಯುತ್ತದೆ, ಅಷ್ಟೆ. ಆದುದರಿಂದ ಲಸಿಕೆಯು ಮಗಳಿಗೆ, ಪರೀಕ್ಷೆಯು ತಾಯಿಗೆ. ಲಸಿಕೆ ಪಡೆದ ಮಗಳಿಗೂ ಮೂವತ್ತು ತುಂಬಿದ ಮೇಲೆ ಪರೀಕ್ಷೆ ತಪ್ಪದು. ಲಸಿಕೆಯ ವಿವರವನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

ಕೊನೆಯ ಮಾತು

ಮಾನ್ವಿಯ ಆ ತಂಗಿ ಏನಾದರೆಂದು ತಾವು ಕೇಳುವಿರಿ. ಅಕ್ಕನ ದಿನಕರ್ಮಗಳು ಮುಗಿದ ಮೇಲೆ ಆಕೆ ತಾನಾಗಿಯೇ ಬಂದು ಪರೀಕ್ಷೆ ಮಾಡಿಸಿಕೊಂಡರು. ಆಕೆಗೆ ಆಗ ಮೂವತ್ತೆಂಟು ವರ್ಷ. ಯಾವ ತೊಂದರೆಯೂ ಇರಲಿಲ್ಲ. ಆಮ್ಲ ಸವರಿದಾಗ ಸಂಧಿಸ್ಥಳದಲ್ಲಿ ಉಗುರಿನಷ್ಟು ಜಾಗ ಬೆಳ್ಳಗಾಯಿತು. ಅದು ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಆ ಭಾಗವನ್ನು ತೆಗೆಯಲಾಯಿತು; ಸಂಜೆಯ ಬಸ್ಸಿಗೆ ಆಕೆ ಊರಿಗೆ ಹೋದರು. ಮರುವರ್ಷದ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿತ್ತು. ಅಂದು ಆಕೆ ಒಬ್ಬರೇ ಬಂದಿರಲಿಲ್ಲ, ಓಣಿಯ ಆರು ಮಂದಿಯನ್ನು ಕರೆದುಕೊಂಡು ಬಂದಿದ್ದರು.

ಒಂದೇ ತಾಯಿಯ ಮಕ್ಕಳು, ಒಂದೇ ಬಗೆಯ ಜೀವನ. ಅಕ್ಕನ ಪಾಲಿಗೆ ಆ ಹದಿನೈದು ವರ್ಷಗಳು ಯಾರೂ ನೋಡದೆ ಕಳೆದುಹೋದುವು. ಅದರ ಕೊನೆಯ ಒಂದು ವರ್ಷ ನನ್ನ ಕೈಯಲ್ಲಿಯೇ ಕಳೆದುಹೋಯಿತು. ತಂಗಿಯ ಪಾಲಿಗೆ ಅದೇ ಅವಧಿಯಲ್ಲಿ ಒಂದು ದಿನ ಪರೀಕ್ಷೆಗೆ ದೊರೆಯಿತು. ವ್ಯತ್ಯಾಸವಾದದ್ದು ಆ ಒಂದು ದಿನದಿಂದ.

ಆಶಾ ಕಾರ್ಯಕರ್ತೆಯರಲ್ಲಿ ನನ್ನ ಬಿನ್ನಹವಿಷ್ಟು. ನಿಮ್ಮ ಊರಿನಲ್ಲಿ ಮೂವತ್ತು ತುಂಬಿದ ಪ್ರತಿ ತಾಯಿಯ ಹೆಸರನ್ನೂ ಬರೆದಿಡಿ. ಮುಟ್ಟು ನಿಂತ ಮೇಲೆ ರಕ್ತ ಕಂಡವರನ್ನು, ಗಂಡನ ಸಂಪರ್ಕದ ನಂತರ ರಕ್ತ ಕಂಡವರನ್ನು ಅದೇ ವಾರದಲ್ಲಿ ಕರೆತನ್ನಿ. ವೈದ್ಯರು ಒಳಪರೀಕ್ಷೆ ಮಾಡದೆ ಮಾತ್ರೆ ಬರೆದುಕೊಟ್ಟರೆ, ಅವರು ನಾನೇ ಆಗಿದ್ದರೂ, ಸಂಕೋಚಪಡದೆ ಕೇಳಿ. ತಾಯಂದಿರಲ್ಲಿ ನನ್ನ ಬಿನ್ನಹ ಇನ್ನೂ ಚಿಕ್ಕದು. ಮಕ್ಕಳ ಚುಚ್ಚುಮದ್ದಿನ ದಿನವನ್ನು ನೀವು ಮರೆಯುವುದಿಲ್ಲ. ಅದೇ ರೀತಿ ನಿಮಗಾಗಿ ಐದು ವರ್ಷಕ್ಕೆ ಒಂದು ದಿನವನ್ನು ತೆಗೆದಿಡಿ. ಬರುವಾಗ ಪಕ್ಕದ ಮನೆಯವರನ್ನೂ ಕರೆತನ್ನಿ.